ಟೆಡ್ ಲಾಸ್ಸೊ ಸೀಸನ್ 3: ಎಪಿಸೋಡ್ ಉದ್ದ ಆಯ್ತು, ನಗು ಎಲ್ಲಿಗೆ ಹೋಯ್ತು? (ಕತೆ ಪೂರ್ತಿ ಇದೆ, ನೋಡದವರು ದೂರ ಇರಿ)

ಬ್ಯಾಕ್‌ಬೆಂಚ್_ಬಸವನಗುಡಿ

ಅಮೆರಿಕದ ಕೋಚ್ ಟೆಡ್ ಲಂಡನ್ನಿನ ಕಾಲ್ಪನಿಕ ಫುಟ್‌ಬಾಲ್ ಕ್ಲಬ್ ರಿಚ್ಮಂಡಿಗೆ ಬರೋ ಈ ಕಾಮಿಡಿ ಸೀರಿಯಲ್‌ನ 2023ರ ಮಾರ್ಚ್ 15ರಿಂದ ಮೇ 31ರವರೆಗೆ ಪ್ರತಿ ಬುಧವಾರ ಕಾದು ನೋಡಿದ ಗಿರಾಕಿ ನಾನು. ಮುಗಿದ ಮೇಲೆ ಸ್ವಲ್ಪ ದಿನ ಬಾಯಿ ಮುಚ್ಕೊಂಡಿದ್ದೆ, ಕೋಪ ಇಳೀಲಿ ಅಂತ. ಇಳೀಲಿಲ್ಲ. ಅದಕ್ಕೇ ಇಲ್ಲಿಗೆ ಬಂದೆ.

2020ರ ಮೊದಲ ಸೀಸನ್ ಅಂದ್ರೆ ಹತ್ತೇ ಎಪಿಸೋಡು, ಒಂದೊಂದೂ ಹೆಚ್ಚುಕಮ್ಮಿ ಅರ್ಧ ಗಂಟೆ. ಊಟಕ್ಕೆ ಕೂತು ಕೈ ತೊಳೆಯೋದ್ರೊಳಗೆ ಮುಗೀತಿತ್ತು. ಈ ಸಲ ಮುಕ್ಕಾಲು ಗಂಟೆ ಅನ್ನೋದೇ ಚಿಕ್ಕದು. ಆಮ್‌ಸ್ಟರ್‌ಡ್ಯಾಮ್ ಎಪಿಸೋಡು ಗಂಟೆ ದಾಟಿತು, ಕೊನೇದು 75 ನಿಮಿಷ.

ಎಲ್ಲರೂ ಉದ್ದಾನೇ ಬೈತಿದ್ದಾರೆ. ನನಗೆ ಅದಕ್ಕಿಂತ ದೊಡ್ಡ ತಕರಾರು ಬೇರೆ ಇದೆ: ಜನರನ್ನೆಲ್ಲ ಬೇರೆ ಬೇರೆ ಕೋಣೇಲಿ ಕೂರಿಸಿಬಿಟ್ರು. ಮೊದಲ ಸೀಸನ್‌ನಲ್ಲಿ ಟೆಡ್ ಆಫೀಸಿನ ಬಾಗಿಲು ತೆಗೆದ್ರೆ ಡ್ರೆಸ್ಸಿಂಗ್ ರೂಮ್. ಯಾರು ಬೇಕಾದ್ರೂ ಯಾವಾಗ ಬೇಕಾದ್ರೂ ಒಳಗೆ ಬರ್ತಿದ್ರು. ಆಟಗಾರ ರಾಯ್ ಗುರ್ ಅಂತಿದ್ದ, ಇನ್ನೊಬ್ಬ ಆಟಗಾರ ಜೇಮಿ ಕೆಣಕ್ತಿದ್ದ, ಹಿಂದೆ ತಂಡದ ಬಟ್ಟೆ ನೋಡ್ಕೊಳ್ಳೋ ನೇಟ್ ಬಟ್ಟೆ ಮಡಚ್ತಿದ್ದ. ಒಂದೇ ಫ್ರೇಮಲ್ಲಿ ಐದು ಜನ, ನಗು ತಾನಾಗೇ ಹುಟ್ಟೋದು. ಈಗ ಕೀಲಿ ಒಂದು ಪಿಆರ್ (ಪ್ರಚಾರದ) ಆಫೀಸಲ್ಲಿ, ನೇಟ್ ಎದುರಾಳಿ ಕ್ಲಬ್ ವೆಸ್ಟ್ ಹ್ಯಾಮಲ್ಲಿ, ಆಟಗಾರ ಸ್ಯಾಮ್ ತನ್ನ ರೆಸ್ಟೋರೆಂಟಲ್ಲಿ, ಕ್ಲಬ್ಬಿನ ಒಡತಿ ರೆಬೆಕ್ಕ ಜ್ಯೋತಿಷ್ಯದ ಹಿಂದೆ. ಒಬ್ಬೊಬ್ಬರ ಕತೆ ಹೇಳೋಕೂ ಹತ್ತು ನಿಮಿಷ ಬೇಕು, ಸೇರಿಸಿದ್ರೆ ಗಂಟೆ ಆಗದೆ ಇನ್ನೇನಾಗುತ್ತೆ?

ನಿಮಗೇನನ್ನಿಸ್ತು? "ನಿನಗೆ ಹೃದಯ ಇಲ್ಲ" ಅಂತ ಬೈಯೋಕೆ ಬರೋರು ಒಂದು ಕಾರಣನೂ ಕೈಯಲ್ಲಿ ಹಿಡ್ಕೊಂಡು ಬನ್ನಿ.

ಹಲಸೂರು_ಲೆಫ್ಟ್‌ವಿಂಗ್

ನಿನಗೆ ಹೃದಯ ಇಲ್ಲ.

ಕಾರಣ ಆಮೇಲೆ ಹೇಳ್ತೀನಿ, ಆಫೀಸಲ್ಲಿದ್ದೀನಿ.

ಕುಡ್ಲದ_ಗೋಲ್‌ಕೀಪರ್

ಮಾರಾಯ್ರೆ, ಆ ಸ್ಟಾರ್ ಆಟಗಾರ ಜಾವಾ ಯಾಕೆ ಬಂದ, ಯಾಕೆ ಹೋದ, ಯಾರಿಗಾದ್ರೂ ಗೊತ್ತುಂಟಾ? ಬಂದ, ಸೆಂಟರಿನಿಂದಲೇ ಗೋಲು ಹೊಡೆದ, ಅವಕಾಡೊ ಬೆಳೀತೇನೆ ಅಂತ ಹೋದ. ಐದು ಎಪಿಸೋಡು ಅವನ ಹೊಟ್ಟೆಗೆ.

ಸುಬ್ಬಿ_ಸಾಗರ

@ಬ್ಯಾಕ್‌ಬೆಂಚ್_ಬಸವನಗುಡಿ, ಕಾರಣ ಹಿಡ್ಕಂಡೇ ಬಂದಿದ್ದೀನಿ.

ನಿಮ್ಮ ಕೋಣೆ ಲೆಕ್ಕ ನಿಜ ಆಗಿದ್ರೆ ಆಮ್‌ಸ್ಟರ್‌ಡ್ಯಾಮ್ ಎಪಿಸೋಡು ಎಲ್ಲಕ್ಕಿಂತ ಕೆಟ್ಟದಾಗಿರಬೇಕಿತ್ತು. ಅಲ್ಲಿ ಒಬ್ಬೊಬ್ಬರು ಒಂದೊಂದು ಕಡೆ. ರೆಬೆಕ್ಕ ಕಾಲುವೆಗೆ ಬಿದ್ದು ದೋಣಿಮನೆಯಲ್ಲಿ ಒಬ್ಬ ಅಪರಿಚಿತನ ಜೊತೆ ಊಟ ಮಾಡ್ತಾಳೆ. ಕ್ಲಬ್ಬಿನ ಹಿಗಿನ್ಸ್ ಹುಡುಗ ವಿಲ್‌ನ ಕರ್ಕಂಡು ಜಾಝ್ ಹಿಂದೆ ಹೋಗ್ತಾರೆ. ಆಟಗಾರ ಕಾಲಿನ್ ಮತ್ತೆ ಪತ್ರಕರ್ತ ಟ್ರೆಂಟ್ ಕ್ರಿಮ್ ಒಂದು ಸ್ಮಾರಕದ ಮೆಟ್ಟಿಲ ಮೇಲೆ ಕೂತು ಮಾತಾಡ್ತಾರೆ. ಜೇಮಿ ರಾಯ್‌ಗೆ ಸೈಕಲ್ ಕಲಿಸ್ತಾನೆ. ರಾಯ್ ಕೆಂಟ್‌ನಂಥ ಮನುಷ್ಯ ಸೈಕಲ್ ಬರಲ್ಲ ಅಂತ ಒಪ್ಕೊಳ್ಳೋದು ನೋಡಿ ನಾನು ಹೊಟ್ಟೆ ಹಿಡ್ಕಂಡು ನಕ್ಕಿದ್ದೀನಿ, ಅಜ್ಜನ ವಿಷ್ಯ ಬಂದಾಗ ಅತ್ತಿದ್ದೀನಿ. ಸೀಸನ್‌ನಲ್ಲಿ ಎಲ್ಲರೂ ಮೆಚ್ಚಿದ ಎಪಿಸೋಡು ಅದೇ, ಅದೇ ಗಂಟೆ ದಾಟಿದ್ದು. ಈಗ ಹೇಳಿ.

ಬ್ಯಾಕ್‌ಬೆಂಚ್_ಬಸವನಗುಡಿ

@ಸುಬ್ಬಿ_ಸಾಗರ ಮೇಡಂ, ನೀವು ನನ್ನ ಪರವಾಗೇ ವಾದ ಮಾಡ್ತಿದ್ದೀರ. ಅಲ್ಲಿ ಬೇರೆ ಬೇರೆ ಕಡೆ ಹೋದ್ರೂ ಇಬ್ಬಿಬ್ಬರಾಗಿ ಹೋದ್ರು. ರಾಯ್ ಜೊತೆ ಜೇಮಿ, ಕಾಲಿನ್ ಜೊತೆ ಟ್ರೆಂಟ್. ಎಲ್ಲರೂ ನಮಗೆ ಗೊತ್ತಿರೋರೇ. ಕೀಲಿ ಆಫೀಸಲ್ಲಿ ಏನಾಯ್ತು? ಶ್ಯಾಂಡಿ ಅಂತ ಒಬ್ಬಳು ಬಂದಳು, ಹೋದಳು. ಜ್ಯಾಕ್ ಅಂತ ಇನ್ನೊಬ್ಬಳು ಬಂದಳು, ದುಡ್ಡು ಹಾಕಿದಳು, ಪ್ರೀತಿ ಮಾಡಿದಳು, ಹೋದಳು. ಕೀಲಿ ಮಾತಾಡಬೇಕಾದ ಜನ ಎಲ್ಲಾ ಕ್ಲಬ್ಬಲ್ಲಿದ್ರು.

ಹಲಸೂರು_ಲೆಫ್ಟ್‌ವಿಂಗ್

ಬಂದೆ. ನೋಡು ಗುರು, ಏಳನೇ ಎಪಿಸೋಡಲ್ಲಿ ಆಟಗಾರರನ್ನೆಲ್ಲ ಕೆಂಪು ದಾರದಲ್ಲಿ ಒಬ್ಬರಿಗೊಬ್ಬರು ಕಟ್ಟಿ ಪ್ರಾಕ್ಟೀಸ್ ಮಾಡಿಸ್ತಾರಲ್ಲ (ಎಲ್ಲಿಗೆ ಕಟ್ಟಿದ್ರು ಅಂತ ಇಲ್ಲಿ ಬರೆಯಲ್ಲ, ಮಕ್ಕಳು ಓದ್ತಾರೆ). ಆ ಸೀನು ಮೊದಲ ಸೀಸನ್‌ನಲ್ಲಿ ಇದ್ದಿದ್ರೆ ಇವತ್ತಿಗೂ ಮೀಮ್ ಮಾಡ್ತಿದ್ವಿ. ಅದೇ ಎಪಿಸೋಡಿನ ಕೊನೇಲಿ ಸ್ಯಾಮ್ ರೆಸ್ಟೋರೆಂಟ್ ಪುಂಡರು ಒಡೆದುಹಾಕಿರ್ತಾರೆ, ಇಡೀ ತಂಡ ಬಂದು ರಿಪೇರಿ ಮಾಡ್ತಾ ನಿಂತಿರುತ್ತೆ. ಸ್ಯಾಮ್ ಅಪ್ಪ ನೋಡ್ತಾ ಇರ್ತಾರೆ. ಅದಕ್ಕಿಂತ ಇನ್ನೇನು ಬೇಕಿತ್ತು ನಿನಗೆ?

ಬ್ಯಾಕ್‌ಬೆಂಚ್_ಬಸವನಗುಡಿ

ಅದೇ ಬೇಕಿತ್ತು. ಹನ್ನೆರಡರಲ್ಲೂ ಬೇಕಿತ್ತು.

ಹುಬ್ಬಳ್ಳಿ_ಆಫ್‌ಸೈಡ್

ನಿಮ್ಮ ಅಳು-ನಗು ಇರ್ಲಿ ಬಿಡ್ರಿ. ಫುಟ್‌ಬಾಲ್ ಬಗ್ಗೆ ಯಾರೂ ಮಾತಾಡವಲ್ರಿ.

ಟೆಡ್ ಆಮ್‌ಸ್ಟರ್‌ಡ್ಯಾಮಿನ ಅಮೆರಿಕನ್ ಹೋಟ್ಲಾಗ ಕುಂತು ಹಳೇ ಬಾಸ್ಕೆಟ್‌ಬಾಲ್ ಮ್ಯಾಚ್ ನೋಡ್ತಾನ, ತ್ರಿಕೋನ ಬರೀತಾನ, ಹೊಸಾದೇನೋ ಹುಡುಕೀನಿ ಅಂತಾನ. ಸಹಾಯಕ ಕೋಚ್ ಬಿಯರ್ಡ್ ಹೇಳ್ತಾನ, ಅದು 'ಟೋಟಲ್ ಫುಟ್‌ಬಾಲ್' ಮಾರಾಯ, ಡಚ್ಚರು ಯಾವಾಗೋ ಮಾಡ್ಯಾರ ಅಂತ. ಜೋಕ್ ಚಲೋ ಐತಿ, ಒಪ್ಪಿದೆ. ಆದ್ರ ಅರ್ಧ ಸೀಸನ್ ಆದಮ್ಯಾಲ ಸೋಲೂ ತಂಡಕ್ಕ ಅದನ್ನ ಕಲಿಸಿ ಸಾಲು ಸಾಲು ಮ್ಯಾಚ್ ಗೆಲ್ಲಿಸೋದು ಅಂದ್ರ ಹ್ಯಾಂಗ್ರಿ? ಅದನ್ನ ಕಲಿಸಿದ ಡಚ್ ಕೋಚ್ ರೀನಸ್ ಮಿಖೆಲ್ಸ್ ಅಯಾಕ್ಸ್ ಕ್ಲಬ್ಬಿಗೆ ಬಂದದ್ದು 1965ರಾಗ. ಯುರೋಪಿಯನ್ ಕಪ್ ಗೆದ್ದದ್ದು 1971ರಾಗ. ಅದೂ ಕ್ರೈಫ್‌ನಂಥಾ ಆಟಗಾರ ಇದ್ದಾಗ! ಎಲ್ಲಾರೂ ಎಲ್ಲಾ ಜಾಗಾದಾಗ ಆಡಬೇಕು ಅಂದ್ರ ಸಣ್ಣಂದಿರತಲೇ ಅದೇ ತಲ್ಯಾಗಿರಬೇಕು. ಗೋಲು ಹೊಡ್ಯೂ ಡ್ಯಾನಿ ರೋಹಾಸ್‌ನ ಡಿಫೆನ್ಸಿಗೆ ಹಾಕಿದ್ರ ಗೋಲಿಗೆ ದೇವರೇ ಗತಿ.

ಕೆಂಪಂಗಿ_ಗನ್ನರ್

@ಹುಬ್ಬಳ್ಳಿ_ಆಫ್‌ಸೈಡ್ ಸರ್, ಲೆಸ್ಟರ್ ಸಿಟಿ 2016ರಲ್ಲಿ ಲೀಗ್ ಗೆದ್ದಾಗ ಸೀಸನ್ ಶುರುವಿನ ಬಾಜಿ 5000ಕ್ಕೆ 1 ಇತ್ತು. ಇದನ್ನ ಯಾರಾದ್ರೂ ಸ್ಕ್ರಿಪ್ಟಲ್ಲಿ ಬರೆದಿದ್ರೆ ನೀವೇ "ಹ್ಯಾಂಗ್ರಿ" ಅಂತಿದ್ರಿ.

ನನ್ನ ನೋವು ಬೇರೆ. ರಿಚ್ಮಂಡ್ ಕೊನೇ ದಿನ ವೆಸ್ಟ್ ಹ್ಯಾಮ್‌ನ ಸೋಲಿಸುತ್ತೆ, ಆದ್ರೂ ಮ್ಯಾಂಚೆಸ್ಟರ್ ಸಿಟಿನೇ ಚಾಂಪಿಯನ್. ನಮ್ಮ ಆರ್ಸೆನಲ್ 2022-23ರ ಲೀಗ್‌ನಲ್ಲಿ 248 ದಿನ ಮೇಲಿತ್ತು. 84 ಪಾಯಿಂಟ್. ಕೊನೆಗೆ ಸಿಟಿ 89. ನಿಜ ಜೀವನದಲ್ಲೂ ಸಿಟಿ, ಕಾಮಿಡಿಯಲ್ಲೂ ಸಿಟಿ. ನಾನು ನಗೋಕೆ ಎಲ್ಲಿಗೆ ಹೋಗಲಿ?

ಕುಡ್ಲದ_ಗೋಲ್‌ಕೀಪರ್

@ಕೆಂಪಂಗಿ_ಗನ್ನರ್ ನೀವು ನಿಮ್ಮ ಎದುರಾಳಿ ಟೋಟನ್‌ಹ್ಯಾಮ್ ಮ್ಯಾಚ್ ನೋಡಿ, ನಗು ಗ್ಯಾರಂಟಿ.

ಕೆಂಪಂಗಿ_ಗನ್ನರ್

ಆಹಾ, ಅದು ಸರಿ. ಅಂದಹಾಗೆ ಟೆಡ್ ಲಾಸ್ಸೊ ಅನ್ನೋ ಪಾತ್ರ ಹುಟ್ಟಿದ್ದೇ 2013ರಲ್ಲಿ, ಎನ್‌ಬಿಸಿ ಅಮೆರಿಕದಲ್ಲಿ ಪ್ರೀಮಿಯರ್ ಲೀಗ್ ತೋರಿಸೋಕೆ ಶುರು ಮಾಡಿದಾಗ ಮಾಡಿದ ಜಾಹೀರಾತಿನಲ್ಲಿ. ಅದರಲ್ಲಿ ಅವನು ಕೋಚ್ ಆಗಿದ್ದು ಟೋಟನ್‌ಹ್ಯಾಮ್‌ಗೆ.

ರಾಗಿಮುದ್ದೆ_ರಿಚ್ಮಂಡ್

ಇಲ್ಲೇ ಹತ್ತಿರ ಇರೋನು ಅಂತ ಎರಡು ಮಾತು. ಪಬ್ ನೋಡೋಕೆ ಬರೋ ಜನ ಕಮ್ಮಿಯಾಗಿಲ್ಲ. ರಿಚ್ಮಂಡ್ ಗ್ರೀನ್ ಪಕ್ಕದ 'ಪ್ರಿನ್ಸಸ್ ಹೆಡ್' ಅಂತ ಅದರ ಹೆಸರು, ಸೀರಿಯಲ್‌ನಲ್ಲಿ 'ಕ್ರೌನ್ ಅಂಡ್ ಆಂಕರ್'. ಟೆಡ್ ಮನೆ ಇರೋ ಓಣಿ ಪೇವ್ಡ್ ಕೋರ್ಟ್, ಅಲ್ಲಿಂದ ಹೆಜ್ಜೆ ದೂರ. ಬೆಂಚಿನ ಮೇಲೆ ಕೂತು ಫೋಟೋ ತೆಗೆಸ್ಕೊಳ್ಳೋಕೆ ಸಾಲು.

ತಮಾಷೆ ಏನಂದ್ರೆ ಈ ಊರಲ್ಲಿ ಪ್ರೀಮಿಯರ್ ಲೀಗ್ ಕ್ಲಬ್ಬೇ ಇಲ್ಲ. ಇದು ರಗ್ಬಿ ಸೀಮೆ, ಟ್ವಿಕೆನ್‌ಹ್ಯಾಮ್‌ನ ರಗ್ಬಿ ಸ್ಟೇಡಿಯಂ ನದಿಯಾಚೆ ಇದೆ. ಸೀರಿಯಲ್‌ನಲ್ಲಿ ಕ್ಲಬ್ಬಿನ ಮೈದಾನ ನೆಲ್ಸನ್ ರೋಡ್ ಅಂತ ತೋರಿಸೋದು ಕ್ರಿಸ್ಟಲ್ ಪ್ಯಾಲೇಸ್‌ನವರ ಸೆಲ್ಹರ್ಸ್ಟ್ ಪಾರ್ಕ್, ದಕ್ಷಿಣ ಲಂಡನ್ನಿನ ಇನ್ನೊಂದು ಮೂಲೆ. ಅದು ಗೊತ್ತಿಲ್ದೆ ರಿಚ್ಮಂಡ್ ಸ್ಟೇಷನ್ನಲ್ಲಿ ಇಳಿದು "ಸ್ಟೇಡಿಯಂ ಎಲ್ಲಿ" ಅಂತ ಕೇಳೋರೂ ಇದ್ದಾರೆ. ನಾನು ನಗದೆ ದಾರಿ ಹೇಳ್ತೀನಿ.

ಇಲ್ಲಿನ ಫುಟ್‌ಬಾಲ್ ಹುಚ್ಚರ ಪೈಕಿ ಈ ಸೀರಿಯಲ್ ಇಷ್ಟಪಡದೋರು ಬಹಳ. ನನ್ನ ಆಫೀಸಿನ ಫುಲಮ್ ಅಭಿಮಾನಿಗಳಂತೂ ಮ್ಯಾಚ್ ಸೀನ್ ನೋಡಿ ಮುಖ ತಿರುಗಿಸ್ತಾರೆ. ಆದ್ರೆ ಅವರ ಹೆಂಡತಿಯರೆಲ್ಲ ಎಲ್ಲಾ ಎಪಿಸೋಡೂ ನೋಡಿದ್ದಾರೆ.

ಸುಬ್ಬಿ_ಸಾಗರ

"ಹೆಂಡತಿಯರೆಲ್ಲ" ಅಂದ್ರೆ ಏನಣ್ಣ? ನಮಗೆ ಆಫ್‌ಸೈಡ್ ಗೊತ್ತಿಲ್ಲ ಅಂತಾನಾ?

ರಾಗಿಮುದ್ದೆ_ರಿಚ್ಮಂಡ್

ಅಯ್ಯೋ ತಾಯಿ, ನಾನು ಬರೀ ಆಫೀಸಿನ ವರದಿ ಕೊಟ್ಟೆ!

ಸ್ಟುಟ್‌ಗಾರ್ಟ್_ಶೆಟ್ಟಿ

ಕೊನೆ ಎಪಿಸೋಡಲ್ಲಿ ರೆಬೆಕ್ಕ ಕ್ಲಬ್ಬಿನ 49 ಪರ್ಸೆಂಟ್ ಅಭಿಮಾನಿಗಳಿಗೆ ಮಾರ್ತಾಳೆ. ಎಲ್ಲರೂ ಕಣ್ಣೊರೆಸಿಕೊಂಡ್ರು. ನಾನೊಬ್ಬ ಕ್ಯಾಲ್ಕುಲೇಟರ್ ತೆಗೆದೆ.

ಜರ್ಮನಿಯಲ್ಲಿ 50+1 ಅಂತ ನಿಯಮ ಉಂಟು. ಕ್ಲಬ್ಬಿನ ಸದಸ್ಯರ ಕೈಯಲ್ಲೇ ಅರ್ಧಕ್ಕಿಂತ ಹೆಚ್ಚು ವೋಟು ಇರ್ಬೇಕು, ಎಷ್ಟೇ ದೊಡ್ಡ ಸಾಹುಕಾರ ಬಂದ್ರೂ. (ಲೆವರ್‌ಕೂಸನ್, ವೋಲ್ಫ್ಸ್‌ಬರ್ಗ್ ತರ ಕೆಲವಕ್ಕೆ ವಿನಾಯಿತಿ ಉಂಟು, ಅದರ ಜಗಳ ಬೇರೆ.) ರೆಬೆಕ್ಕ ಇಟ್ಟುಕೊಂಡದ್ದು 51. ಅಂದ್ರೆ ನಾಳೆ ಅವಳು ತನ್ನ ಮಾಜಿ ಗಂಡ ರೂಪರ್ಟ್‌ನಂಥ ಇನ್ನೊಬ್ಬನಿಗೆ ಮಾರಿದ್ರೆ ಪಬ್ಬಿನ ಆ ಮೂರು ಜನ ಅಭಿಮಾನಿಗಳು ಏನು ಮಾಡಲಿಕ್ಕೆ ಆಗ್ತದೆ? ಷೇರು ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸ್ಬಹುದು. ಆಚೆ ಕಡೆ ವಿಂಬಲ್ಡನ್‌ನ ನೋಡಿ. ಕ್ಲಬ್ಬನ್ನೇ ಮಿಲ್ಟನ್ ಕೀನ್ಸಿಗೆ ಸಾಗಿಸ್ತೇವೆ ಅಂದಾಗ ಅಭಿಮಾನಿಗಳು 2002ರಲ್ಲಿ ಹೊಸ ಕ್ಲಬ್ಬೇ ಕಟ್ಟಿದ್ರು, ಕೆಳಗಿನ ಲೀಗಿನಿಂದ ಒಂದೊಂದೇ ಮೆಟ್ಟಿಲು ಹತ್ತಿದ್ರು. ರಿಚ್ಮಂಡಿನಿಂದ ಬಸ್ಸಿನ ದೂರದಲ್ಲಿ ಇಷ್ಟು ದೊಡ್ಡ ಕತೆ ಇರುವಾಗ ಇವರು 49ಕ್ಕೆ ಚಪ್ಪಾಳೆ ಹೊಡೆಸಿದ್ರಲ್ಲ.

ಹಲಸೂರು_ಲೆಫ್ಟ್‌ವಿಂಗ್

ಕಾಮಿಡಿ ಸೀರಿಯಲ್‌ಗೆ ಆಡಿಟ್ ಮಾಡೋ ಮೊದಲ ಮನುಷ್ಯ ನೀವು ಸರ್.

ಸ್ಟುಟ್‌ಗಾರ್ಟ್_ಶೆಟ್ಟಿ

ನಾನು ವೃತ್ತಿಯಲ್ಲೂ ಅದೇ.

ಜಯನಗರ_4ನೇ_ಬ್ಲಾಕ್

ಯಾರೂ ನೇಟ್ ಬಗ್ಗೆ ಬರೀಲಿಲ್ಲ ಯಾಕೆ? ನನಗೆ ಈ ಸೀಸನ್‌ನ ದೊಡ್ಡ ಮೋಸ ಅದೇ.

ಎರಡನೇ ಸೀಸನ್ ಇಡೀ ಅವನು ಹುಳಿಯಾಗೋದನ್ನ ಎಷ್ಟು ನಿಧಾನವಾಗಿ, ಎಷ್ಟು ಚೆನ್ನಾಗಿ ತೋರಿಸಿದ್ರು. ಅಪ್ಪನ ಒಂದು ಒಳ್ಳೆ ಮಾತಿಗೆ ಹಂಬಲಿಸೋದು, ಕನ್ನಡಿಗೆ ಉಗಿಯೋದು, ಟ್ವಿಟರಲ್ಲಿ ತನ್ನ ಹೆಸರು ಹುಡುಕೋದು. ಟೆಡ್‌ನ ಪ್ಯಾನಿಕ್ ಅಟ್ಯಾಕ್ ವಿಷ್ಯ ಪೇಪರಿಗೆ ಕೊಟ್ಟ. ಡ್ರೆಸ್ಸಿಂಗ್ ರೂಮಿನ ಆ 'ಬಿಲೀವ್' ಅನ್ನೋ ಹಳದಿ ಬೋರ್ಡನ್ನ ಹರಿದ. ಅಲ್ಲಿಗೆ ನಿಲ್ಲಿಸಿ ನಮ್ಮನ್ನ ಒಂದೂವರೆ ವರ್ಷ ಕಾಯಿಸಿದ್ರು. ಆಮೇಲೆ? ವೆಸ್ಟ್ ಹ್ಯಾಮ್ ಕೋಚ್ ಆಗಿ ಗೆಲ್ತಾ ಇದ್ದ, ಹೋಟೆಲಲ್ಲಿ ಒಬ್ಬ ಹುಡುಗಿ ಸಿಕ್ಕಳು, ಒಳ್ಳೆಯವನಾದ. ಕೆಲಸ ಬಿಟ್ಟಿದ್ದನ್ನೂ ತೋರಿಸಲಿಲ್ಲ! ಇನ್ಯಾರದೋ ಬಾಯಲ್ಲಿ ಸುದ್ದಿ ಬಂತು. ವೆಸ್ಟ್ ಹ್ಯಾಮ್ ಮಾಲೀಕ ರೂಪರ್ಟ್ ಎದುರು ನಿಂತು "ಆಗಲ್ಲ" ಅನ್ನೋ ಸೀನು ಬರೀಲೇ ಇಲ್ಲ ಇವರು. 75 ನಿಮಿಷ ಇತ್ತಲ್ಲ ಸ್ವಾಮಿ, ಎರಡು ನಿಮಿಷ ಇದಕ್ಕೆ ಇಡಬಾರದಿತ್ತಾ?

ಟೆಡ್ ಹತ್ರ ಕ್ಷಮೆ ಕೇಳೋದೂ ಕೊನೇ ಗಳಿಗೇಲಿ, ಓಡೋ ಬಸ್ಸಿಗೆ ಹತ್ತೋ ಹಾಗೆ.

ಸುಬ್ಬಿ_ಸಾಗರ

ಇದನ್ನ ಒಪ್ತೀನಿ. ನೂರಕ್ಕೆ ನೂರು. ನೇಟ್ ಪಾತ್ರ ಮಾಡಿದ ನಿಕ್ ಮೊಹಮ್ಮದ್ ಅಂಥ ನಟನ ಕೈಗೆ ಕೊಡಬೇಕಾದ ಸೀನು ಅದು.

ಅವಲಕ್ಕಿ_ಮೊಸರು

ನಾನು ಒಪ್ಪಲ್ಲ. ರೂಪರ್ಟ್ ಎದುರು ಎಗರಾಡೋದು ಸಿನಿಮಾ ಹೀರೋ ಮಾಡೋದು. ನೇಟ್ ಅಂಥವನು ಬಾರಿಂದ ಎದ್ದು ಮನೆಗೆ ಹೋಗ್ತಾನೆ, ಮರುದಿನ ಕೆಲಸ ಬಿಡ್ತಾನೆ. ನಾನೂ ಒಂದು ಕಡೆ ಹಾಗೇ ಕೆಲಸ ಬಿಟ್ಟಿದ್ದು. ಎದುರು ನಿಂತು ಡೈಲಾಗ್ ಹೊಡೆಯೋಕೆ ನಮ್ಮಲ್ಲಿ ಎಷ್ಟು ಜನಕ್ಕೆ ಆಗುತ್ತೆ? ಅವನು ಅಪ್ಪನ ಮನೇಲಿ ವಯಲಿನ್ ನುಡಿಸಿದ್ದು, ಆಮೇಲೆ ಅಪ್ಪ ಬಂದು ಮಾತಾಡಿದ್ದು, ಅದೇ ಅವನ ನಿಜವಾದ ಕ್ಲೈಮ್ಯಾಕ್ಸ್.

ಜಯನಗರ_4ನೇ_ಬ್ಲಾಕ್

ಡೈಲಾಗ್ ಬೇಡ. ರಾಜೀನಾಮೆ ಪತ್ರ ಕೈಯಲ್ಲಿ ನಡುಗೋದು ತೋರಿಸಿದ್ರೂ ಸಾಕಿತ್ತು.

ಮಡಿಕೇರಿ_ಮಿಡ್‌ಫೀಲ್ಡ್

ಕಾಲಿನ್-ಐಸಾಕ್ ವಿಷಯಕ್ಕೆ ಬರ್ತೀನಿ. ಕಾಲಿನ್ ಗೇ ಅಂತ ಗೊತ್ತಾದಾಗ ತಂಡದ ಕ್ಯಾಪ್ಟನ್ ಐಸಾಕ್ ಮಾತು ಬಿಡ್ತಾನೆ, ನಾವೆಲ್ಲ ಇವನೂ ಹೀಗೇನಾ ಅಂದ್ಕೋತೀವಿ. ಅವನ ಸಿಟ್ಟು "ನನ್ನ ಹತ್ರ ಯಾಕೆ ಹೇಳಲಿಲ್ಲ" ಅಂತ. ಗ್ಯಾಲರಿಯಲ್ಲಿ ಒಬ್ಬ ಹೊಲಸು ಬೈದಾಗ ನುಗ್ಗಿ ರೆಡ್ ಕಾರ್ಡ್ ತಗೋತಾನೆ, ರಾಯ್ ಪ್ರೆಸ್ ಮುಂದೆ ಹೋಗಿ ನಿಲ್ತಾನೆ. ಉದ್ದ ಜಾಸ್ತಿ, ಬರವಣಿಗೆ ಸಡಿಲ, ಎಲ್ಲಾ ಒಪ್ಪಿದೆ. ಆದ್ರೆ ಈ ಒಂದು ದಾರ ಎಲ್ಲೂ ಕಡೀಲಿಲ್ಲ.

ಬ್ಯಾಕ್‌ಬೆಂಚ್_ಬಸವನಗುಡಿ

@ಮಡಿಕೇರಿ_ಮಿಡ್‌ಫೀಲ್ಡ್ ಹೌದು, ಯಾಕೆ ಹೇಳಿ? ಡ್ರೆಸ್ಸಿಂಗ್ ರೂಮಲ್ಲಿ ನಡೆದಿದ್ದಕ್ಕೆ! ಎಲ್ಲರೂ ಅಲ್ಲೇ ಇದ್ರು!

ಹಲಸೂರು_ಲೆಫ್ಟ್‌ವಿಂಗ್

ಇವನು ಬಿಡಲ್ಲ ಆ ಕೋಣೆ ಥಿಯರಿನ.

ಹುಬ್ಬಳ್ಳಿ_ಆಫ್‌ಸೈಡ್

ಸೀರಿಯಲ್‌ದಾಗ ಕೊನೇ ಮ್ಯಾಚಿನ್ಯಾಗ ಐಸಾಕ್ ಪೆನಾಲ್ಟಿ ಹೊಡದು ನೆಟ್ಟೇ ಹರದು ಹಾಕ್ತಾನ. ಅದನ್ನ ನಂಬ್ತೀರಿ. ನಮ್ಮ ಕಂಠೀರವದಾಗ 2023ರ ಮಾರ್ಚ್ 3ಕ್ಕ ಬೆಂಗಳೂರು ಎಫ್‌ಸಿಯ (ಬಿಎಫ್‌ಸಿ) ಛೆಟ್ರಿ ಫ್ರೀಕಿಕ್ ತಗೊಂಡ, ಎದುರಾಳಿ ಆಟಗಾರರ ಗೋಡೆ ನಿಲ್ಲೂದ್ರಾಗ ಗೋಲು, ಕೇರಳ ಬ್ಲಾಸ್ಟರ್ಸ್ ಕೋಚ್ ತಂಡ ಕರಕೊಂಡು ಮೈದಾನ ಬಿಟ್ಟೇ ಹೋದ. ಪ್ಲೇಆಫ್ ಮ್ಯಾಚ್! ಇದಕ್ಕಿಂತ ಚಲೋ ಕಾಮಿಡಿ ಯಾವ ರೈಟರ್ ಬರೀತಾನ?

ವಯನಾಡ್_ಗಡಿಯವ

ಶುರುವಾಯ್ತು. ರೆಫ್ರೀ ಸೀಟಿ ಊದದೇ ತಗೊಂಡ ಫ್ರೀಕಿಕ್ ಅದು.

ಹುಬ್ಬಳ್ಳಿ_ಆಫ್‌ಸೈಡ್

ಕ್ವಿಕ್ ಫ್ರೀಕಿಕ್ಕಿಗೆ ಸೀಟಿ ಬೇಕಂತ ಯಾವ ರೂಲ್ ಬುಕ್‌ನಾಗ ಐತಿ?

ವಯನಾಡ್_ಗಡಿಯವ

ರೆಫ್ರೀ ಗೋಡೆ ಹಿಂದೆ ಸರಿಸ್ತಿದ್ದ, ಎಲ್ಲರೂ ನೋಡಿದ್ದಾರೆ. ಫೈನಲ್‌ನಲ್ಲಿ ಮೋಹನ್ ಬಾಗಾನ್ ಪೆನಾಲ್ಟಿಯಲ್ಲಿ ಲೆಕ್ಕ ಚುಕ್ತಾ ಮಾಡಿದ್ರು, ಬಿಡಿ.

ಕೆಂಪಂಗಿ_ಗನ್ನರ್

ಬಿಎಫ್‌ಸಿ ಸೋತಿದ್ದನ್ನ ಎತ್ತೋರು ರಾಜ್ಯ ತಂಡಗಳ ಸಂತೋಷ್ ಟ್ರೋಫಿನೂ ಎತ್ತಿ. 2023ರ ಮಾರ್ಚ್ 4, ರಿಯಾದ್. ಕರ್ನಾಟಕ 3, ಮೇಘಾಲಯ 2. ಹಿಂದಿನ ಸಲ ಗೆದ್ದಾಗ ನಮ್ಮ ರಾಜ್ಯದ ಹೆಸರು ಇನ್ನೂ ಮೈಸೂರು, 1968-69. ಐವತ್ತನಾಲ್ಕು ವರ್ಷ! ನಮ್ಮ ಏರಿಯಾದಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಕಾಲ್ಪನಿಕ ರಿಚ್ಮಂಡಿಗೆ ಜೆರ್ಸಿ ಹಾಕೋರು ಇಲ್ಲಿದ್ದಾರೆ.

ಹಲಸೂರು_ಲೆಫ್ಟ್‌ವಿಂಗ್

ಗೌತಮಪುರದಲ್ಲಿ ಗೊತ್ತಿತ್ತು. ಆಸ್ಟಿನ್ ಟೌನಲ್ಲೂ ಗೊತ್ತಿತ್ತು. ನಿಮ್ಮ ಏರಿಯಾ ಯಾವುದೋ.

ವೇದಿಕೆ_ನಿರ್ವಾಹಕ

ಫ್ರೀಕಿಕ್ ಜಗಳಕ್ಕೆ ಬೇರೆ ಎಳೆ ಇದೆ, ದಯವಿಟ್ಟು ಅಲ್ಲಿ ಮುಂದುವರಿಸಿ. ಅಲ್ಲಿ ಈಗಾಗಲೇ ಸಾಕಷ್ಟು ಜನ ಬೈದಾಡ್ತಿದ್ದಾರೆ, ನಿಮಗೂ ಜಾಗ ಇದೆ.

ಅವಲಕ್ಕಿ_ಮೊಸರು

ಮೂಲ ಪ್ರಶ್ನೆಗೆ: ನನಗೆ ನಗು ಕಮ್ಮಿಯಾಗಿದ್ದು ಬೇಜಾರಾಗಲಿಲ್ಲ. ಲಾಕ್‌ಡೌನ್ ಹೊತ್ತಲ್ಲಿ ಮೊದಲ ಸೀಸನ್ ಬಂದಾಗ ನಮಗೆ ನಗು ಬೇಕಿತ್ತು, ಅದು ಔಷಧಿ ತರ ಕೆಲಸ ಮಾಡ್ತು. ಆದ್ರೆ ಲಿವರ್‌ಪೂಲಲ್ಲಿ ಕ್ಯಾರಿಯೋಕೆ ನಡುವೆ ಟೆಡ್ ಉಸಿರು ಕಟ್ಟಿ ಹೊರಗೆ ಓಡಿದ್ದು ಮೊದಲ ಸೀಸನ್ನಲ್ಲೇ. ಇದು ಬರೀ ನಗಿಸೋ ಸೀರಿಯಲ್ ಅಂತ ನಾನಂತೂ ಅವತ್ತಿಂದ ಅಂದ್ಕೊಂಡಿಲ್ಲ. 2023ರ ಮಾರ್ಚಲ್ಲಿ ಇವರನ್ನೆಲ್ಲ ಶ್ವೇತಭವನಕ್ಕೆ ಕರೆದು ಮಾನಸಿಕ ಆರೋಗ್ಯದ ಬಗ್ಗೆ ಮಾತಾಡಿಸಿದ್ರು. ಗಂಡಸರು ಕೂತು ಮನಸ್ಸಿನ ಮಾತಾಡೋದನ್ನ ಇಷ್ಟು ಸಲೀಸಾಗಿ ತೋರಿಸಿದ ಇನ್ನೊಂದು ಕಾಮಿಡಿ ನಾನು ನೋಡಿಲ್ಲ. ನನ್ನ ತಮ್ಮ ಇದನ್ನ ನೋಡಿದ ಮೇಲೇ ಕೌನ್ಸೆಲರ್ ಹತ್ರ ಹೋಗೋಕೆ ಒಪ್ಪಿದ್ದು.

ಬ್ಯಾಕ್‌ಬೆಂಚ್_ಬಸವನಗುಡಿ

@ಅವಲಕ್ಕಿ_ಮೊಸರು ನಿಮ್ಮ ತಮ್ಮನಿಗೆ ಒಳ್ಳೇದಾಗ್ಲಿ. ಆದ್ರೆ ಗಮನಿಸಿ, ಆ ಕ್ಯಾರಿಯೋಕೆ ಸೀನಲ್ಲಿ ರೆಬೆಕ್ಕ ಹಾಡ್ತಾ ಇರ್ತಾಳೆ, ನಾವು ಖುಷಿಯಲ್ಲಿರ್ತೀವಿ, ಅದರ ಮಧ್ಯೆ ಅವನ ಉಸಿರು ಕಟ್ಟೋದು. ಪಕ್ಕದಲ್ಲಿ ಸಂತೋಷ ಇದ್ದಿದ್ದಕ್ಕೇ ಎದೆಗೆ ನಾಟಿದ್ದು. ಮೂರನೇ ಸೀಸನ್‌ನಲ್ಲಿ ದುಃಖಕ್ಕೆ ಮೊದಲೇ ಪಿಯಾನೋ ಶುರುವಾಗುತ್ತೆ.

ಅವಲಕ್ಕಿ_ಮೊಸರು

ಪಿಯಾನೋ ವಿಷ್ಯ ಮಾತ್ರ ನಿಮ್ಮ ಕಡೆ.

ಕುಡ್ಲದ_ಗೋಲ್‌ಕೀಪರ್

ಗೋಲ್‌ಕೀಪರ್ ಜೊರೋ ಹೆಸರು ಬದಲಾಯಿಸಿ ವ್ಯಾನ್ ಡ್ಯಾಮ್ ಅಂತ ಇಟ್ಟುಕೊಂಡದ್ದಕ್ಕೆ ಯಾರೂ ಒಂದು ಸಾಲು ಬರೀಲಿಲ್ಲ. ಗೋಲ್‌ಕೀಪರ್ ಅಂದ್ರೆ ಎಲ್ಲಾ ಕಡೆ ಇದೇ ಹಣೆಬರಹ.

ಸುಬ್ಬಿ_ಸಾಗರ

ನಾಲ್ಕನೇ ಸೀಸನ್ ಬರುತ್ತಾ? ಕೊನೇಲಿ ಕೀಲಿ ರೆಬೆಕ್ಕ ಟೇಬಲ್ ಮೇಲೆ ಒಂದು ಫೈಲ್ ಇಡ್ತಾಳೆ, ರಿಚ್ಮಂಡ್ ಮಹಿಳಾ ತಂಡ ಅಂತ. ಸುಮ್ನೆ ಇಟ್ಟಿರಲ್ಲ.

ಅದನ್ನ ಮಾಡಿದ್ರೆ ನಾನು ಮೊದಲ ದಿನಾನೇ ಹಾಜರ್. ಸರಕಿದೆ ಅಲ್ಲಿ. 1920ರಲ್ಲಿ ಕ್ರಿಸ್ಮಸ್ ಮರುದಿನ ಲಿವರ್‌ಪೂಲ್‌ನ ಗುಡಿಸನ್ ಪಾರ್ಕಲ್ಲಿ ಡಿಕ್ ಕೆರ್ ಲೇಡೀಸ್ ಆಡೋದು ನೋಡೋಕೆ 53,000 ಜನ ಬಂದಿದ್ರು. ಕಾರ್ಖಾನೆ ಕೆಲಸದ ಹೆಣ್ಣುಮಕ್ಕಳ ತಂಡ ಅದು. ಮರುವರ್ಷಾನೇ ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ, ಹೆಂಗಸರಿಗೆ ಈ ಆಟ ಸಲ್ಲ ಅಂತ ತನ್ನ ಕ್ಲಬ್ಬುಗಳ ಮೈದಾನ ಕೊಡೋದನ್ನೇ ನಿಲ್ಲಿಸ್ತು. ಸುಮಾರು ಐವತ್ತು ವರ್ಷ ಆ ನಿಷೇಧ ಹಾಗೇ ಇತ್ತು. 2022ರಲ್ಲಿ ಅದೇ ಇಂಗ್ಲೆಂಡ್ ಹುಡುಗಿಯರು ವೆಂಬ್ಲಿಯಲ್ಲಿ ಜರ್ಮನಿನ ಸೋಲಿಸಿ ಯೂರೋ ಗೆದ್ದರು.

ಸ್ಟುಟ್‌ಗಾರ್ಟ್_ಶೆಟ್ಟಿ

ಆ ಫೈನಲ್ ನೆನಪು ಮಾಡಬೇಡಿ ಮೇಡಂ. ಇಲ್ಲಿ ಎಲ್ಲರ ಜೊತೆ ಕೂತು ನೋಡಿದ್ದು.

ಹಲಸೂರು_ಲೆಫ್ಟ್‌ವಿಂಗ್

ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ಬಿನ ಹುಡುಗಿಯರು 2023ರ ಮೇ ತಿಂಗಳಲ್ಲಿ ಇಂಡಿಯನ್ ವಿಮೆನ್ಸ್ ಲೀಗ್ ಫೈನಲ್ ಆಡಿದ್ರು. ಗೋಕುಲಂ ಕೇರಳ ಎದುರು 5-0 ಸೋತ್ರು. ಪೇಪರಲ್ಲಿ ಬೆರಳಗಲ ಸುದ್ದಿ.

ವಯನಾಡ್_ಗಡಿಯವ

ಇದರಲ್ಲಿ ನಾನು ಏನೂ ಹೇಳಲ್ಲ. ಸ್ಕೋರ್ ನೀವೇ ಹೇಳಿದ್ರಿ.

ಜಯನಗರ_4ನೇ_ಬ್ಲಾಕ್

ನಾಲ್ಕನೇ ಸೀಸನ್ ಬೇಡ. ಟೆಡ್ ಮಗನ ಹತ್ರ ಹೋದ. ರಾಯ್ ಮ್ಯಾನೇಜರ್ ಆದ. ಬಿಯರ್ಡ್ ವಿಮಾನ ಹತ್ತಿ, ಹೊಟ್ಟೆನೋವಿನ ನಾಟಕ ಆಡಿ ಇಳಿದು ಬಂದ. ಮುಗೀತು. 2021ರಲ್ಲಿ, 2022ರಲ್ಲಿ ಎರಡು ಸಲ ಬೆಸ್ಟ್ ಕಾಮಿಡಿ ಎಮ್ಮಿ ಬಂದಿದೆ, ಇನ್ನೇನು ಬೇಕು ಇವರಿಗೆ? ಟೆಡ್‌ನ ಮತ್ತೆ ಲಂಡನ್ನಿಗೆ ಎಳೆದು ತಂದ್ರೆ ಕೊನೇ ಎಪಿಸೋಡಲ್ಲಿ ನಾವೆಲ್ಲ ಅತ್ತಿದ್ದಕ್ಕೆ ಬೆಲೆ ಎಲ್ಲಿ?

ಬ್ಯಾಕ್‌ಬೆಂಚ್_ಬಸವನಗುಡಿ

ಟೆಡ್ ಇಲ್ದೆ ರಾಯ್, ಬಿಯರ್ಡ್, ನೇಟ್ ಮೂರು ಜನ ಒಂದೇ ಆಫೀಸಲ್ಲಿ. ಮಹಿಳಾ ತಂಡ ಪಕ್ಕದ ಮೈದಾನದಲ್ಲಿ. ನಾನು ನೋಡ್ತೀನಿ.

ಸುಬ್ಬಿ_ಸಾಗರ

ಪಕ್ಕದ ಮೈದಾನ ಯಾಕೆ? ಅದೇ ಮೈದಾನ.

ಹೊಸಬ_ಹಾಸನ

ನಾನು ಒಂದು ಎಪಿಸೋಡೂ ನೋಡಿಲ್ಲ, ಎಲ್ಲಾ ಓದಿಬಿಟ್ಟೆ. ಫುಟ್‌ಬಾಲ್ ಗೊತ್ತಿಲ್ಲ. ಈಗ ಶುರು ಮಾಡಬಹುದಾ? ತಿಂಗಳ ಚಂದಾ ಕಟ್ಟಬೇಕಂತೆ.

ಕುಡ್ಲದ_ಗೋಲ್‌ಕೀಪರ್

ಮೇಲೆ ದೊಡ್ಡದಾಗಿ ಬರೆದದ್ದು ಕಾಣ್ಲಿಲ್ವಾ ಮಾರಾಯ, ನೋಡದವರು ದೂರ ಇರಿ ಅಂತ!

ಅವಲಕ್ಕಿ_ಮೊಸರು

@ಹೊಸಬ_ಹಾಸನ ಧೈರ್ಯವಾಗಿ ನೋಡಿ. ಮೊದಲ ಸೀಸನ್ ಎಂಟನೇ ಎಪಿಸೋಡಲ್ಲಿ ಡಾರ್ಟ್ಸ್ ಆಟದ ಸೀನಿದೆ, ಅಲ್ಲಿವರೆಗೂ ಬಿಡಬೇಡಿ.

ಸ್ಟುಟ್‌ಗಾರ್ಟ್_ಶೆಟ್ಟಿ

ಅಲ್ಲಿ ಟೆಡ್ ವಾಲ್ಟ್ ವಿಟ್ಮನ್ ಹೇಳಿದ್ದು ಅಂತ ಒಂದು ಮಾತು ಹೇಳ್ತಾನೆ. ವಿಟ್ಮನ್ ಅದನ್ನು ಹೇಳಿದ್ದಕ್ಕೆ ಆಧಾರ ಇಲ್ಲ.

ಹಲಸೂರು_ಲೆಫ್ಟ್‌ವಿಂಗ್

ಆಡಿಟರ್ ಸಾಹೇಬ್ರೇ!!!

ಹೊಸಬ_ಹಾಸನ

ಚಂದಾ ಕಟ್ಟಿಯಾಯ್ತು. ಹಾಲಲ್ಲಿ ಟಿವಿ, ಅಪ್ಪ ಅಮ್ಮ ಇಬ್ಬರೂ ಕೂತಿದ್ದಾರೆ. ಆ ಗಡ್ಡದ ರಾಯ್ ಅನ್ನೋನು ಬಾಯಿ ಬಿಟ್ಟ ಕೂಡ್ಲೇ ಬರೀ ಕೆಟ್ಟ ಮಾತೇ ಬರ್ತಿದೆಯಲ್ಲ, ಇದು ಪೂರ್ತಿ ಹೀಗೇನಾ?

ಸುಬ್ಬಿ_ಸಾಗರ

ಪೂರ್ತಿ ಹೀಗೇ. ಹೆಡ್‌ಫೋನ್ ಹಾಕ್ಕಳಿ.